ಮೇವನ್, ಗ್ರೇಡಲ್, ಬೇಜಲ್: ನಾಲ್ಕು ಮಾಡ್ಯೂಲ್‌ಗಳ ಜಾವಾ ಪ್ರಾಜೆಕ್ಟ್‌ಗೆ ಯಾವುದು?

ಹಾಲಿನ ಡೈರಿಗೆ ಒಂದು ಸಣ್ಣ ಸಾಫ್ಟ್‌ವೇರ್ ಬರೆಯುತ್ತಿದ್ದೀರಿ ಅಂದುಕೊಳ್ಳಿ. ಬೆಳಿಗ್ಗೆ ಕ್ಯಾನ್ ಹಿಡಿದು ಜನ ಬರುತ್ತಾರೆ. ಹಾಲು ಅಳೆಯಬೇಕು, ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡಿ ದರ ಹಾಕಬೇಕು, ಅದನ್ನು ಡೇಟಾಬೇಸ್‌ಗೆ ಬರೆಯಬೇಕು. ಆಮೇಲೆ ಹಾಲು ಹಾಕಿದವರ ಫೋನಿಗೆ ಒಂದು ಎಸ್ಸೆಮ್ಮೆಸ್ ಹೋಗಬೇಕು. ಸೆಕ್ರೆಟರಿ ಕೂತು ನೋಡಲು ಒಂದು ವೆಬ್ ಪುಟವೂ ಬೇಕು. ಮೊದಲ ತಿಂಗಳು ಎಲ್ಲ ಕೋಡೂ ಒಂದೇ ಫೋಲ್ಡರ್‌ನಲ್ಲಿ ಆರಾಮಾಗಿ ಇರುತ್ತದೆ. ಮೂರನೇ ತಿಂಗಳು ತೆಗೆದು ನೋಡಿದರೆ ಎಸ್ಸೆಮ್ಮೆಸ್ ಕಳಿಸುವ ಕೋಡ್ ಒಳಗೆ ದರದ ಲೆಕ್ಕ ಕೂತಿರುತ್ತದೆ, ವೆಬ್ ಪುಟ ನೇರವಾಗಿ ಡೇಟಾಬೇಸ್‌ಗೆ ಕೈ ಹಾಕುತ್ತಿರುತ್ತದೆ. ಒಂದು ಕಡೆ ಮುಟ್ಟಿದರೆ ಇನ್ನೊಂದು ಕಡೆ ಕಳಚಿ ಬೀಳುತ್ತದೆ.

ಆಗ ಒಡೆಯೋಣ ಅನ್ನಿಸುತ್ತದೆ. ‘ದರ’, ‘ಸಂಗ್ರಹ’, ‘ಸಂದೇಶ’, ‘ವೆಬ್’ ಅಂತ ನಾಲ್ಕು ಮಾಡ್ಯೂಲ್. ‘ದರ’ ಯಾರನ್ನೂ ನಂಬಿಕೊಂಡಿಲ್ಲ. ‘ಸಂಗ್ರಹ’ ಮತ್ತು ‘ಸಂದೇಶ’ಕ್ಕೆ ‘ದರ’ ಬೇಕು. ‘ವೆಬ್’ಗೆ ಆ ಎರಡೂ ಬೇಕು. ಇಷ್ಟನ್ನು ಕಾಗದದ ಮೇಲೆ ಬರೆಯೋದು ಐದು ನಿಮಿಷದ ಕೆಲಸ. ಟರ್ಮಿನಲ್‌ನಿಂದ ಒಂದು ಕಮಾಂಡ್ ಕೊಟ್ಟಾಗ ನಾಲ್ಕೂ ಸರಿಯಾದ ಕ್ರಮದಲ್ಲಿ ಕಂಪೈಲ್ ಆಗಿ, ಟೆಸ್ಟ್ ಆಗಿ, ಜಾರ್ (ಕಂಪೈಲ್ ಆದ ಕೋಡಿನ ಗಂಟು) ಆಗಿ ಹೊರಗೆ ಬರಬೇಕಲ್ಲ, ಅದಕ್ಕೆ ಒಂದು ಬಿಲ್ಡ್ ಟೂಲ್ ಬೇಕು. ಜಾವಾ ಲೋಕದಲ್ಲಿ ಇವತ್ತು ನಿಜವಾಗಿ ಆಯ್ಕೆಗೆ ಬರುವುದು ಮೂರು: ಮೇವನ್, ಗ್ರೇಡಲ್, ಬೇಜಲ್.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇದನ್ನು ಓದುತ್ತಿರುವ ಹತ್ತರಲ್ಲಿ ಆರೇಳು ಜನರಿಗೆ ಮೇವನ್ ಸಾಕು. ಆಂಡ್ರಾಯ್ಡ್ ಮಾಡುವವರಿಗೆ ಸಾಮಾನ್ಯವಾಗಿ ಗ್ರೇಡಲ್ಲೇ ದಾರಿ. ಟೆಸ್ಟ್ ಮುಗಿಯುವಷ್ಟರಲ್ಲಿ ಎರಡು ಕಾಫಿ ಮುಗಿಯುತ್ತದೆ ಅನ್ನುವವರೂ ಗ್ರೇಡಲ್ ನೋಡಬೇಕು. ಬೇಜಲ್ ಬೇಕಾಗುವವರಿಗೆ ಅದು ಬೇಕು ಅಂತ ಈಗಾಗಲೇ ಗೊತ್ತಿರುತ್ತದೆ.

ಇನ್ನೊಂದು ಮಾತು. ಟರ್ಮಿನಲ್‌ನಲ್ಲಿ ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲೇ. ಇಲ್ಲಿ ಕಮಾಂಡ್‌ಗಳನ್ನು ಫೋನ್‌ನಲ್ಲಿ ಗೆಳೆಯರಿಗೆ ಹೇಳಿಕೊಡುವ ಹಾಗೆ, ಬಾಯಿಮಾತಿನಲ್ಲಿ ಬರೆದಿದ್ದೇನೆ. ‘ಮೈನಸ್’ ಅಂದರೆ ಆ ಸಣ್ಣ ಅಡ್ಡಗೆರೆ.

‘ಮಾಡ್ಯೂಲ್’ ಅಂದರೆ ಯಾವ ಮಾಡ್ಯೂಲ್?

ಈ ಪದವೇ ಅರ್ಧ ಗೊಂದಲಕ್ಕೆ ಕಾರಣ. ಮೇವನ್‌ನಲ್ಲಿ ಮಾಡ್ಯೂಲ್ ಅಂದರೆ ತನ್ನದೇ ಪಾಮ್ ಫೈಲ್ (ಹೆಸರು, ಬೇಕಾದ ಲೈಬ್ರರಿ ಎಲ್ಲ ಬರೆದಿಡುವ ಫೈಲ್) ಇರುವ ಒಂದು ಫೋಲ್ಡರ್. ಅದನ್ನೇ ಗ್ರೇಡಲ್ ‘ಸಬ್‌ಪ್ರಾಜೆಕ್ಟ್’ ಅನ್ನುತ್ತದೆ. ಬೇಜಲ್‌ನಲ್ಲಿ ‘ಪ್ಯಾಕೇಜ್’ ಇದೆ, ಅದರೊಳಗೆ ‘ಟಾರ್ಗೆಟ್’ ಇದೆ. ಇವೆಲ್ಲದರ ಆಚೆಗೆ ಜಾವಾ ಭಾಷೆಗೇ ಒಂದು ಮಾಡ್ಯೂಲ್ ಇದೆ. 2017ರ ಸೆಪ್ಟೆಂಬರ್‌ನಲ್ಲಿ ಬಂದ ಜಾವಾ 9ರ ಜೊತೆ ಬಂದದ್ದು ಅದು. ಸೋರ್ಸ್ ಫೋಲ್ಡರ್‌ನ ಬುಡದಲ್ಲಿ ‘ಮಾಡ್ಯೂಲ್ ಮೈನಸ್ ಇನ್ಫೋ’ ಅನ್ನುವ ಫೈಲ್ ಇಟ್ಟು, ನನಗೆ ಯಾರು ಬೇಕು, ನನ್ನ ಯಾವ ಪ್ಯಾಕೇಜ್ ಹೊರಗೆ ಕಾಣಬೇಕು ಅಂತ ಬರೆಯುತ್ತೀರಿ.

ಎರಡೂ ಬೇರೆ ಬೇರೆ. ಮೇವನ್ ಮಾಡ್ಯೂಲ್ ಮಾಡಿದ ಮಾತ್ರಕ್ಕೆ ಜಾವಾ ಮಾಡ್ಯೂಲ್ ಆಗುವುದಿಲ್ಲ. ಹೊಸಬರಿಗೆ ನಾನು ಹೇಳುವುದಿಷ್ಟೇ: ಮೊದಲು ಫೋಲ್ಡರ್ ಒಡೆಯಿರಿ, ‘ಮಾಡ್ಯೂಲ್ ಇನ್ಫೋ’ ಆಮೇಲೆ ನೋಡೋಣ. ಒಂದೇ ಎಚ್ಚರ ಸಾಕು. ಎರಡು ಮಾಡ್ಯೂಲ್‌ಗಳಲ್ಲಿ ಒಂದೇ ಹೆಸರಿನ ಪ್ಯಾಕೇಜ್ ಇಡಬೇಡಿ. ಇವತ್ತು ಅದು ನಡೆಯುತ್ತದೆ. ಮುಂದೆ ಜಾವಾ ಮಾಡ್ಯೂಲ್‌ಗೆ ಹೋದ ದಿನ ಕಂಪೈಲರ್ ಅಲ್ಲೇ ನಿಲ್ಲಿಸುತ್ತದೆ.

ಇನ್‌ಸ್ಟಾಲ್ ಮಾಡುವುದು

ಮೂರಕ್ಕೂ ಮೊದಲು ಜಾವಾ ಬೇಕು. ಬರೀ ಓಡಿಸುವ ಜೆಆರ್‌ಇ ಸಾಲದು, ಕಂಪೈಲರ್ ಇರುವ ಜೆಡಿಕೆ ಬೇಕು. ಟರ್ಮಿನಲ್‌ನಲ್ಲಿ ‘ಜಾವಾ’ ಕಮಾಂಡ್ ಓಡುತ್ತದೆ, ‘ಜಾವಾಸಿ’ ಓಡುವುದಿಲ್ಲ ಅಂದರೆ ನಿಮ್ಮ ಬಳಿ ಅರ್ಧ ಮಾತ್ರ ಇದೆ ಅಂತ ಅರ್ಥ. ಜೊತೆಗೆ ‘ಜಾವಾ ಹೋಮ್’ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್ ಯಾವ ಜಾವಾ ಕಡೆ ಬೆರಳು ತೋರಿಸುತ್ತಿದೆ ನೋಡಿ. ನಾಲ್ಕು ವರ್ಷದ ಹಿಂದೆ ಹಾಕಿ ಮರೆತ ಹಳೆಯ ಜಾವಾ ಅಲ್ಲೇ ಕೂತಿರುವುದು ಸರ್ವೇಸಾಮಾನ್ಯ. ‘ಎಂವಿಎನ್ ಮೈನಸ್ ವಿ’ ಕೊಟ್ಟರೆ ಮೇವನ್ ತನ್ನ ಆವೃತ್ತಿಯ ಜೊತೆ ತಾನು ಬಳಸುತ್ತಿರುವ ಜಾವಾವನ್ನೂ ಹೇಳುತ್ತದೆ. ಆ ಸಾಲನ್ನು ಓದದೇ ಮುಂದೆ ಹೋಗಬೇಡಿ.

ಉಬುಂಟು ಇದ್ದವರು ಅದರ ಜೊತೆಗೇ ಬರುವ ಇನ್‌ಸ್ಟಾಲರ್ ‘ಆಪ್ಟ್’ನಿಂದ ಹಾಕೋಣ ಅಂತ ಹೊರಡುತ್ತಾರೆ. ಮೇವನ್‌ಗೆ ಅದು ಪರವಾಗಿಲ್ಲ. ಉಬುಂಟು 22.04ರಲ್ಲಿ 3.6.3 ಸಿಗುತ್ತದೆ, 24.04ರಲ್ಲಿ 3.8.7. ಹಳೆಯದು, ಆದರೆ ಕೆಲಸ ನಡೆಯುತ್ತದೆ. ಗ್ರೇಡಲ್‌ಗೆ ಮಾತ್ರ ಆ ದಾರಿ ಬೇಡವೇ ಬೇಡ. ಅಲ್ಲಿ ಸಿಗುವುದು 2017ರ ಕಾಲದ 4.4.1. ಇವತ್ತಿನ ಯಾವ ಪಾಠವೂ ಅದರಲ್ಲಿ ನಡೆಯುವುದಿಲ್ಲ, ತಪ್ಪು ನಿಮ್ಮದೇ ಅಂದುಕೊಂಡು ಒಂದು ಭಾನುವಾರ ಹಾಳಾಗುತ್ತದೆ.

ಲಿನಕ್ಸ್, ಮ್ಯಾಕ್ ಮತ್ತು ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್, ಈ ಮೂರರಲ್ಲೂ ನಾನು ಬಳಸುವುದು ಎಸ್‌ಡಿಕೆಮ್ಯಾನ್, ಇಂಥ ಟೂಲ್‌ಗಳನ್ನು ಹಾಕಿಕೊಡುವ ಸಣ್ಣ ಪ್ರೋಗ್ರಾಂ. ‘ಎಸ್‌ಡಿಕೆ ಇನ್‌ಸ್ಟಾಲ್ ಮೇವನ್’, ‘ಎಸ್‌ಡಿಕೆ ಇನ್‌ಸ್ಟಾಲ್ ಗ್ರೇಡಲ್’, ಅಷ್ಟೇ. ಜಾವಾವನ್ನೂ ಅದರಿಂದಲೇ ಹಾಕಬಹುದು. ಎರಡು ಮೂರು ಆವೃತ್ತಿ ಇಟ್ಟುಕೊಂಡು ಬೇಕೆಂದಾಗ ಬದಲಿಸಬಹುದು. ಸುಡೋ (ಅಡ್ಮಿನ್) ಪಾಸ್‌ವರ್ಡ್ ಕೇಳುವುದಿಲ್ಲ, ಹಾಗಾಗಿ ಕಾಲೇಜ್ ಲ್ಯಾಬ್‌ನಲ್ಲೂ ನಡೆಯುತ್ತದೆ. ಬರೀ ವಿಂಡೋಸ್ ಇದ್ದರೆ ಮೇವನ್ ಜಿಪ್ ತಂದು ಬಿಚ್ಚಿ, ಅದರ ಬಿನ್ ಫೋಲ್ಡರ್ ಅನ್ನು ಪಾತ್‌ಗೆ ಸೇರಿಸಿದರೆ ಮುಗಿಯಿತು. ಆ ಜಿಪ್ ಹತ್ತು ಎಂಬಿಯೂ ಇಲ್ಲ. ಗ್ರೇಡಲ್‌ನದು ನೂರು ಎಂಬಿಗೂ ಜಾಸ್ತಿ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕೆಲಸ ಮಾಡುವವರಿಗೆ ಇದು ಸಣ್ಣ ವಿಷಯ ಅಲ್ಲ.

ಆದರೆ ನಿಜ ಹೇಳಬೇಕೆಂದರೆ, ಟೂಲನ್ನು ನಿಮ್ಮ ಮೆಷಿನ್‌ಗೆ ಹಾಕುವುದು ಒಂದು ಸಲದ ಕೆಲಸ. ಅದಾದ ಮೇಲೆ ಪ್ರಾಜೆಕ್ಟ್ ಒಳಗೇ ‘ರ‍್ಯಾಪರ್’ ಇಡಿ. ಮೇವನ್‌ಗೆ ಎಂವಿಎನ್‌ಡಬ್ಲ್ಯೂ, ಗ್ರೇಡಲ್‌ಗೆ ಗ್ರೇಡಲ್‌ಡಬ್ಲ್ಯೂ ಅನ್ನುವ ಸಣ್ಣ ಸ್ಕ್ರಿಪ್ಟ್. ಪ್ರಾಜೆಕ್ಟ್‌ಗೆ ಯಾವ ಆವೃತ್ತಿ ಬೇಕು ಅಂತ ಅದರ ಪಕ್ಕದ ಫೈಲ್‌ನಲ್ಲಿ ಬರೆದಿರುತ್ತದೆ. ಹೊಸಬರು ಗಿಟ್‌ನಿಂದ ಕೋಡ್ ಇಳಿಸಿಕೊಂಡು ಸ್ಕ್ರಿಪ್ಟ್ ಓಡಿಸಿದರೆ ಅದೇ ಆವೃತ್ತಿ ತಾನಾಗಿ ಇಳಿಯುತ್ತದೆ. ‘ನನ್ನ ಮೆಷಿನ್‌ನಲ್ಲಿ ಓಡ್ತಿತ್ತಲ್ಲ’ ಅನ್ನುವ ಜಗಳ ಅರ್ಧ ಕಡಿಮೆಯಾಗುತ್ತದೆ. ಬೇಜಲ್‌ಗೆ ಇದೇ ಕೆಲಸ ಮಾಡುವುದು ಬೇಜಲಿಸ್ಕ್. ಬೇಜಲ್ ಬೇಕೆಂದವರು ಬೇಜಲಿಸ್ಕ್ ಅನ್ನೇ ಹಾಕಿಕೊಳ್ಳಿ, ನೇರ ಬೇಜಲ್ ಬೇಡ.

ಮೇವನ್: ಬೇಜಾರಾಗುವಷ್ಟು ಒಂದೇ ಥರ

ಮೇವನ್ 1.0 ಬಂದದ್ದು 2004ರಲ್ಲಿ. ಇವತ್ತಿಗೂ ನಾವು ಬರೆಯುವ ಪಾಮ್ ಫೈಲ್‌ನ ಆಕಾರ 2005ರ ಮೇವನ್ 2ರದ್ದೇ. ಎಕ್ಸ್‌ಎಂಎಲ್. ಉದ್ದ. ಒಂದು ಲೈಬ್ರರಿ ಸೇರಿಸಲು ಐದು ಸಾಲು. ನೋಡಲು ಚೆಂದ ಇಲ್ಲ, ಒಪ್ಪುತ್ತೇನೆ.

ಆದರೆ ಯಾವ ಊರಿನ ಯಾವ ಕಂಪನಿಯ ಮೇವನ್ ಪ್ರಾಜೆಕ್ಟ್ ತೆರೆದರೂ ಸೋರ್ಸ್ ಎಲ್ಲಿದೆ, ಟೆಸ್ಟ್ ಎಲ್ಲಿದೆ, ಜಾರ್ ಎಲ್ಲಿ ಬೀಳುತ್ತದೆ ಅಂತ ಕೇಳಬೇಕಾಗಿಲ್ಲ. ಹಂತಗಳ ಕ್ರಮವೂ ಬದಲಾಗುವುದಿಲ್ಲ: ಕಂಪೈಲ್, ಟೆಸ್ಟ್, ಪ್ಯಾಕೇಜ್, ವೆರಿಫೈ, ಇನ್‌ಸ್ಟಾಲ್, ಡಿಪ್ಲಾಯ್. ನೀವು ಒಂದನ್ನು ಹೇಳಿದರೆ ಅದರ ಹಿಂದಿನದೆಲ್ಲ ತಾನಾಗಿ ಓಡುತ್ತದೆ.

ನಮ್ಮ ಡೈರಿ ಪ್ರಾಜೆಕ್ಟ್‌ನಲ್ಲಿ ಮೇಲಿನ ಫೋಲ್ಡರ್‌ಗೆ ಒಂದು ಅಪ್ಪ ಪಾಮ್, ಒಳಗೆ ನಾಲ್ಕು ಮಕ್ಕಳ ಪಾಮ್. ಅಪ್ಪನಲ್ಲಿ ಪ್ಯಾಕೇಜಿಂಗ್ ‘ಪಾಮ್’ ಅಂತ ಬರೆದು ನಾಲ್ಕು ಮಾಡ್ಯೂಲ್ ಹೆಸರು ಹಾಕಿದರೆ ಸಾಕು. ಯಾವ ಕ್ರಮದಲ್ಲಿ ಬರೆದಿರಿ ಅನ್ನುವುದು ಮುಖ್ಯ ಅಲ್ಲ. ಯಾರಿಗೆ ಯಾರು ಬೇಕು ಅಂತ ನೋಡಿಕೊಂಡು ಮೇವನ್ ತಾನೇ ಸಾಲು ಹಚ್ಚುತ್ತದೆ. ‘ದರ’ಕ್ಕೆ ‘ವೆಬ್’ ಬೇಕು ಅಂತ ತಿರುವುಮುರುವು ಬರೆದರೆ ಸುತ್ತು ಬಿದ್ದಿದೆ ಅಂತ ಹೇಳಿ ನಿಂತುಬಿಡುತ್ತದೆ. ಲೈಬ್ರರಿಗಳ ಆವೃತ್ತಿಯನ್ನು ಅಪ್ಪ ಪಾಮ್‌ನ ‘ಡಿಪೆಂಡೆನ್ಸಿ ಮ್ಯಾನೇಜ್‌ಮೆಂಟ್’ ಭಾಗದಲ್ಲಿ ಒಂದೇ ಕಡೆ ಬರೆಯಿರಿ, ಮಕ್ಕಳಲ್ಲಿ ಬರೀ ಹೆಸರು ಇರಲಿ.

ಈಗ ನಾನು ಬಿದ್ದ ಗುಂಡಿ. ಒಂದು ಶುಕ್ರವಾರ ದರದ ಲೆಕ್ಕದಲ್ಲಿ ಪೈಸೆ ತಪ್ಪು ಸಿಕ್ಕಿತು. ದಶಮಾಂಶಕ್ಕೆ ಡಬಲ್ ಬಳಸಿದ್ದೆ, ನಿಖರವಾಗಿ ಲೆಕ್ಕ ಹಾಕುವ ಬಿಗ್‌ಡೆಸಿಮಲ್‌ಗೆ ಬದಲಿಸಿದೆ. ‘ದರ’ ಮಾಡ್ಯೂಲ್‌ನ ಟೆಸ್ಟ್ ಹಸಿರು. ಖುಷಿಯಿಂದ ‘ವೆಬ್’ ಫೋಲ್ಡರ್‌ಗೆ ಹೋಗಿ ಅಲ್ಲೇ ‘ಎಂವಿಎನ್ ಪ್ಯಾಕೇಜ್’ ಕೊಟ್ಟೆ. ಬ್ರೌಸರ್‌ನಲ್ಲಿ ನೋಡಿದರೆ ಹಳೆಯ ಪೈಸೆ! ಮತ್ತೆ ಬಿಲ್ಡ್ ಮಾಡಿದೆ. ಬ್ರೌಸರ್‌ನ ಕ್ಯಾಶ್ ಅಳಿಸಿದೆ. ಕೋಡ್ ಒಳಗೆ ‘ಇಲ್ಲಿ ಬಂದೆ’ ಅಂತ ಪ್ರಿಂಟ್ ಹಾಕಿದೆ, ಅದು ಬರಲೇ ಇಲ್ಲ. ಊಟದ ಹೊತ್ತು ಮೀರಿತು. ಕೊನೆಗೆ ಹೋಮ್ ಫೋಲ್ಡರ್‌ನ ‘ಡಾಟ್ ಎಂ2’ ಒಳಗೆ ಹೋಗಿ ನೋಡಿದರೆ ‘ದರ’ದ ಜಾರ್ ಮೇಲೆ ಮಂಗಳವಾರದ ತಾರೀಖು.

ಆದದ್ದು ಇಷ್ಟು. ಒಂದೇ ಮಾಡ್ಯೂಲ್ ಫೋಲ್ಡರ್ ಒಳಗೆ ನಿಂತು ಮೇವನ್ ಕರೆದರೆ ಅದಕ್ಕೆ ಪಕ್ಕದ ಫೋಲ್ಡರ್ ಕಾಣುವುದಿಲ್ಲ. ‘ದರ’ ಬೇಕು ಅಂದಾಗ ಡಾಟ್ ಎಂ2 ಗೋದಾಮಿಗೆ ಹೋಗಿ ಅಲ್ಲಿರುವುದನ್ನು ತರುತ್ತದೆ. ಮಂಗಳವಾರ ನಾನೇ ‘ಎಂವಿಎನ್ ಕ್ಲೀನ್ ಇನ್‌ಸ್ಟಾಲ್’ ಮಾಡಿ ಅಲ್ಲಿಗೆ ಹಳೆಯ ಜಾರ್ ಸೇರಿಸಿದ್ದೆ. ಆ ಕಮಾಂಡ್ ಎಲ್ಲರ ಬೆರಳಿಗೂ ಅಂಟಿಕೊಂಡಿದೆ, ಅಲ್ವಾ? ಅದೇ ಈ ರೋಗದ ಮೂಲ. ಆವತ್ತಿನಿಂದ ನಾನು ಯಾವಾಗಲೂ ಮೇಲಿನ ಫೋಲ್ಡರ್‌ನಲ್ಲೇ ನಿಂತು ‘ಎಂವಿಎನ್ ಮೈನಸ್ ಪಿಎಲ್ ವೆಬ್ ಮೈನಸ್ ಎಎಂ ವೆರಿಫೈ’ ಕೊಡುತ್ತೇನೆ. ‘ಪಿಎಲ್’ ಅಂದರೆ ಈ ಮಾಡ್ಯೂಲ್ ಮಾತ್ರ, ‘ಎಎಂ’ ಅಂದರೆ ಅದಕ್ಕೆ ಬೇಕಾದವರನ್ನೂ ಸೇರಿಸಿ. ‘ದರ’ ಮುಟ್ಟಿದಾಗ ಯಾರೆಲ್ಲ ಮುರಿದರು ಅಂತ ನೋಡಬೇಕಾದರೆ ‘ಎಎಂಡಿ’, ಅಂದರೆ ಅದನ್ನು ನಂಬಿಕೊಂಡವರನ್ನೂ ಸೇರಿಸಿ. ಇನ್‌ಸ್ಟಾಲ್ ಹಂತ ಬೇಕಾಗುವುದೇ ಅಪರೂಪ, ವೆರಿಫೈ ಸಾಕು.

ನಾಲ್ಕರಲ್ಲಿ ಮೂರನೆಯದು ಸೋತರೆ ಮತ್ತೆ ಮೊದಲಿನಿಂದ ಶುರು ಮಾಡಬೇಡಿ. ಸೋತಾಗ ಮೇವನ್ನೇ ಕೊನೆಯ ಸಾಲಿನಲ್ಲಿ ‘ಮೈನಸ್ ಆರ್‌ಎಫ್’ ಕೊಟ್ಟು ಇಲ್ಲಿಂದ ಮುಂದುವರಿಸಿ ಅಂತ ಹೇಳಿರುತ್ತದೆ. ಯಾರೂ ಆ ಸಾಲು ಓದುವುದಿಲ್ಲ.

ಹಳೆಯ ಪ್ರಾಜೆಕ್ಟ್ ಸಿಕ್ಕಿದವರಿಗೆ ಒಂದು ಮಾತು. 2020ರ ಜನವರಿ 15ರಿಂದ ಮೇವನ್ ಸೆಂಟ್ರಲ್ (ಲೈಬ್ರರಿಗಳು ಇಳಿದು ಬರುವ ಮುಖ್ಯ ಗೋದಾಮು) ಬರೀ ಎಚ್‌ಟಿಟಿಪಿ ಮೇಲೆ ಏನೂ ಕೊಡುವುದಿಲ್ಲ, 501 ಅನ್ನುವ ಎರರ್ ಬರುತ್ತದೆ. ಮೇವನ್ 3.8.1ರಿಂದ ಬೇರೆ ಎಚ್‌ಟಿಟಿಪಿ ರೆಪಾಸಿಟರಿಗಳನ್ನೂ ಅದು ತಡೆಯುತ್ತದೆ. ಪಾಮ್‌ನಲ್ಲಿರುವ ವಿಳಾಸಗಳಿಗೆ ‘ಎಸ್’ ಸೇರಿಸಿದರೆ ಬಹಳ ಸಲ ಅಷ್ಟಕ್ಕೇ ಸರಿಯಾಗುತ್ತದೆ.

ಗ್ರೇಡಲ್: ಚುರುಕು, ಆದರೆ ಹಸಿವು ಜಾಸ್ತಿ

ಗ್ರೇಡಲ್ 1.0 ಬಂದದ್ದು 2012ರಲ್ಲಿ. ಮರುವರ್ಷ ಗೂಗಲ್ ಆಂಡ್ರಾಯ್ಡ್ ಸ್ಟುಡಿಯೋ ತೋರಿಸಿದಾಗ ಬಿಲ್ಡ್‌ಗೆ ಆರಿಸಿಕೊಂಡದ್ದು ಇದನ್ನೇ. ಅಲ್ಲಿಂದ ಇದರ ದೆಸೆ ಬದಲಾಯಿತು. ಇಲ್ಲಿ ಬಿಲ್ಡ್ ಫೈಲ್ ಎಕ್ಸ್‌ಎಂಎಲ್ ಅಲ್ಲ, ಗ್ರೂವಿ ಅಥವಾ ಕಾಟ್ಲಿನ್‌ನಲ್ಲಿ ಬರೆದ ನಿಜವಾದ ಕೋಡ್. ಹೊಸದಾಗಿ ಶುರು ಮಾಡುವವರು ಕಾಟ್ಲಿನ್ ಹಿಡಿಯಿರಿ. ಎಡಿಟರ್ ತಪ್ಪನ್ನು ಬರೆಯುವಾಗಲೇ ತೋರಿಸುತ್ತದೆ.

ಇದರ ದೊಡ್ಡ ಗುಣ ಏನೆಂದರೆ ಮಾಡಿದ್ದನ್ನು ಮತ್ತೆ ಮಾಡುವುದಿಲ್ಲ. ‘ಸಂದೇಶ’ದಲ್ಲಿ ಎಸ್ಸೆಮ್ಮೆಸ್‌ನ ಒಂದು ಪದ ತಿದ್ದಿ ‘ಗ್ರೇಡಲ್‌ಡಬ್ಲ್ಯೂ ಬಿಲ್ಡ್’ ಕೊಡಿ. ‘ದರ’ ಮತ್ತು ‘ಸಂಗ್ರಹ’ದ ಮುಂದೆ ‘ಅಪ್ ಟು ಡೇಟ್’ ಅಂತ ಬರೆದು ಮುಂದೆ ಹೋಗುತ್ತದೆ. ಕಂಪೈಲ್ ಮಾತ್ರವಲ್ಲ, ಅವುಗಳ ಟೆಸ್ಟ್ ಕೂಡ ಓಡುವುದಿಲ್ಲ, ಏಕೆಂದರೆ ಒಳಗೆ ಹೋದದ್ದು ಬದಲಾಗಿಲ್ಲ. ಮೇವನ್ ಆದರೆ ಕೇಳಿದಷ್ಟು ಸಲವೂ ಟೆಸ್ಟ್ ಓಡಿಸುತ್ತದೆ. ಅದಕ್ಕೂ ಬಿಲ್ಡ್ ಕ್ಯಾಶ್ ಎಕ್ಸ್‌ಟೆನ್ಶನ್ ಇದೆ, ಆದರೆ ಬೇರೆಯಾಗಿ ಹಾಕಿಕೊಳ್ಳಬೇಕು. ನಾಲ್ಕು ಮಾಡ್ಯೂಲ್‌ಗೆ ಈ ವ್ಯತ್ಯಾಸ ಕೆಲವು ಸೆಕೆಂಡ್. ನಲವತ್ತು ಮಾಡ್ಯೂಲ್ ಇದ್ದು, ಟೆಸ್ಟ್‌ಗಳು ಡೇಟಾಬೇಸ್ ಎಬ್ಬಿಸುವಂಥವಾದರೆ ದಿನಕ್ಕೆ ಒಂದು ಗಂಟೆ ಉಳಿಯುವುದು ದೊಡ್ಡ ಮಾತಲ್ಲ.

ನನಗೆ ವೇಗಕ್ಕಿಂತ ಹಿಡಿಸಿದ್ದು ಇನ್ನೊಂದು. ಗೋಡೆ. ಮಾಡ್ಯೂಲ್ ಒಡೆಯುವುದೇ ಒಬ್ಬರ ಕೋಣೆಗೆ ಇನ್ನೊಬ್ಬರು ನುಗ್ಗದಿರಲಿ ಅಂತ ತಾನೇ? ಮೇವನ್‌ನಲ್ಲಿ ‘ಸಂಗ್ರಹ’ಕ್ಕೆ ‘ದರ’ ಬೇಕು ಅಂತ ಬರೆದಿರಿ, ‘ವೆಬ್’ಗೆ ‘ಸಂಗ್ರಹ’ ಬೇಕು ಅಂತ ಬರೆದಿರಿ. ಅಷ್ಟಕ್ಕೇ ‘ವೆಬ್’ಗೆ ‘ದರ’ದ ಕ್ಲಾಸ್‌ಗಳೆಲ್ಲ ಕಾಣುತ್ತವೆ. ಯಾರೋ ಒಬ್ಬರು ಅವಸರದಲ್ಲಿ ಇಂಪೋರ್ಟ್ ಮಾಡುತ್ತಾರೆ, ಕಂಪೈಲ್ ಆಗುತ್ತದೆ, ಗೋಡೆ ಬಿತ್ತು. ಬಾಗಿಲಿದೆ, ಚಿಲಕ ಇಲ್ಲ. ‘ಡಿಪೆಂಡೆನ್ಸಿ ಅನಲೈಜ್’ ಅನ್ನುವ ಕಮಾಂಡ್ ಕೊಟ್ಟರೆ ಹೇಳದೇ ಬಳಸಿದ್ದನ್ನು ಮೇವನ್ ಪಟ್ಟಿ ಮಾಡುತ್ತದೆ, ಆದರೆ ಅದನ್ನು ಕೊಡಬೇಕು ಅಂತ ನೆನಪಿರಬೇಕಲ್ಲ.

ಗ್ರೇಡಲ್‌ನಲ್ಲಿ ಎರಡು ಪದ ಇದೆ: ‘ಇಂಪ್ಲಿಮೆಂಟೇಶನ್’ ಮತ್ತು ‘ಎಪಿಐ’. ‘ಸಂಗ್ರಹ’ವು ‘ದರ’ವನ್ನು ‘ಇಂಪ್ಲಿಮೆಂಟೇಶನ್’ ಅಂತ ಕರೆದುಕೊಂಡರೆ ಅದು ಒಳಮನೆಯ ವಿಷಯ. ‘ವೆಬ್’ ಕಂಪೈಲ್ ಆಗುವಾಗ ‘ದರ’ ಕಾಣುವುದೇ ಇಲ್ಲ. ನಿಜವಾಗಿಯೂ ಬೇಕಾದರೆ ‘ವೆಬ್’ ತನ್ನ ಫೈಲ್‌ನಲ್ಲಿ ಕೇಳಿ ತರಬೇಕು. ಇದರಿಂದ ವೇಗವೂ ಸಿಗುತ್ತದೆ. ಕಾಣದಿರುವುದು ಬದಲಾದರೆ ‘ವೆಬ್’ ಮತ್ತೆ ಕಂಪೈಲ್ ಆಗಬೇಕಾಗಿಲ್ಲ.

ಇನ್ನು ಹಸಿವಿನ ವಿಷಯ. ಗ್ರೇಡಲ್ ಕೆಲಸ ಮುಗಿದ ಮೇಲೂ ‘ಡೀಮನ್’ ಅಂತ ಹಿಂದೆ ಕೂತಿರುತ್ತದೆ, ಮುಂದಿನ ಸಲ ಬೇಗ ಏಳಲು. ಸುಮ್ನೆ ಕೂತರೆ ಮೂರು ಗಂಟೆಯ ನಂತರ ತಾನೇ ಹೋಗುತ್ತದೆ. ಅದರ ಹೀಪ್ (ಮೆಮೊರಿ) ಮಿತಿ ಮೊದಲಿಗೆ 512 ಎಂಬಿ, ದೊಡ್ಡ ಪ್ರಾಜೆಕ್ಟ್‌ಗಳಲ್ಲಿ ಎಲ್ಲರೂ ಏರಿಸಿಯೇ ಇರುತ್ತಾರೆ. 8 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಐಡಿಇ, ಬ್ರೌಸರ್, ಜೊತೆಗೆ ಎರಡು ಬೇರೆ ಜಾವಾ ಆವೃತ್ತಿಗೆ ಎರಡು ಡೀಮನ್ ಕೂತರೆ ಫ್ಯಾನ್ ಶಬ್ದಕ್ಕೆ ಪಕ್ಕದವರು ತಿರುಗಿ ನೋಡುತ್ತಾರೆ. ‘ಗ್ರೇಡಲ್‌ಡಬ್ಲ್ಯೂ ಮೈನಸ್ ಮೈನಸ್ ಸ್ಟಾಪ್’ ಅನ್ನುವುದನ್ನು ಬಾಯಿಪಾಠ ಮಾಡಿಕೊಳ್ಳಿ.

ಎರಡನೇ ತೊಂದರೆ ಇದಕ್ಕಿಂತ ದೊಡ್ಡದು. ಬಿಲ್ಡ್ ಫೈಲೇ ಕೋಡ್ ಆದ ಮೇಲೆ ಬುದ್ಧಿವಂತರಿಗೆ ಕೈ ತುರಿಸುತ್ತದೆ. ನಾನು ಒಮ್ಮೆ ಸೇರಿದ ತಂಡದಲ್ಲಿ ಬ್ರಾಂಚ್ ಹೆಸರು ನೋಡಿ ಲೈಬ್ರರಿ ಆವೃತ್ತಿ ಬದಲಿಸುವ ಸ್ಕ್ರಿಪ್ಟ್ ಇತ್ತು. ಬರೆದವರು ಬಿಟ್ಟುಹೋಗಿ ವರ್ಷವಾಗಿತ್ತು. ಮುಟ್ಟಲು ಎಲ್ಲರಿಗೂ ಭಯ. ಮೇವನ್‌ನಲ್ಲಿ ಇಂಥದ್ದು ಮಾಡುವುದು ಕಷ್ಟ, ಆ ಕಷ್ಟವೇ ಅದರ ಕಾವಲು.

ಮೂರನೆಯದು, ಇಂಟರ್‌ನೆಟ್‌ನ ಹಳೆಯ ಉತ್ತರಗಳು. ಗ್ರೇಡಲ್ ಪ್ರತಿ ದೊಡ್ಡ ಆವೃತ್ತಿಯಲ್ಲೂ ಹಳೆಯದನ್ನು ಕಿತ್ತುಹಾಕುತ್ತದೆ. ‘ಕಂಪೈಲ್’ ಅಂತ ಬರೆದು ಲೈಬ್ರರಿ ಸೇರಿಸಿ ಅನ್ನುವ ಉತ್ತರ ಸಿಕ್ಕರೆ ಅದು ಗ್ರೇಡಲ್ 7ಕ್ಕಿಂತ ಹಿಂದಿನದು, 2021ರಲ್ಲೇ ಆ ಪದ ಹೋಯಿತು. ‘ಜೆಸೆಂಟರ್’ (ಹಳೆಯ ಒಂದು ಲೈಬ್ರರಿ ಗೋದಾಮು) ಅಂತ ಕಂಡರೂ ಅದೇ ಕಾಲದ್ದು. ಗ್ರೇಡಲ್ 9 ಓಡಲು ಜಾವಾ 17 ಆದರೂ ಬೇಕು. ಮೇವನ್ 3.9ಕ್ಕೆ ಜಾವಾ 8 ಸಾಕು.

ಒಂದೇ ಲೈಬ್ರರಿ, ಎರಡು ಆವೃತ್ತಿ

ಟೂಲ್ ಬದಲಿಸುವವರು ಮುಗ್ಗರಿಸುವುದು ಇಲ್ಲಿ. ‘ಸಂದೇಶ’ ತಂದ ಒಂದು ಲೈಬ್ರರಿ, ಜಾಕ್ಸನ್ ಅನ್ನುವ ಇನ್ನೊಂದು ಲೈಬ್ರರಿಯ ಹಳೆಯ ಆವೃತ್ತಿ ಕೇಳುತ್ತದೆ, ‘ಸಂಗ್ರಹ’ ತಂದದ್ದು ಹೊಸದನ್ನು ಕೇಳುತ್ತದೆ. ‘ವೆಬ್’ಗೆ ಯಾವುದು? ಮೇವನ್‌ನ ಲೆಕ್ಕ ಹತ್ತಿರದ ನೆಂಟ ಗೆದ್ದ ಅಂತ. ‘ವೆಬ್’ನಿಂದ ಎಣಿಸಿದರೆ ಕಡಿಮೆ ಹೆಜ್ಜೆಯಲ್ಲಿ ಸಿಗುವ ಆವೃತ್ತಿಯೇ ಬರುತ್ತದೆ, ಹಳೆಯದಾದರೂ ಸರಿ. ಸಮ ದೂರವಾದರೆ ಪಾಮ್‌ನಲ್ಲಿ ಮೊದಲು ಬರೆದದ್ದು. ಗ್ರೇಡಲ್ ಹಾಗಲ್ಲ, ಇರುವುದರಲ್ಲಿ ಹೊಸದನ್ನು ಹಿಡಿಯುತ್ತದೆ.

ಹಾಗಾಗಿ ಒಂದೇ ಪ್ರಾಜೆಕ್ಟ್, ಒಂದೇ ಪಟ್ಟಿ, ಆದರೂ ಎರಡು ಟೂಲ್‌ಗಳಲ್ಲಿ ಒಳಗೆ ಬರುವ ಜಾರ್‌ಗಳು ಬೇರೆ ಆಗಬಹುದು. ಕಂಪೈಲ್ ಎರಡರಲ್ಲೂ ಆಗುತ್ತದೆ. ಓಡಿಸಿದಾಗ ‘ನೋ ಸಚ್ ಮೆಥಡ್’ ಅಂತ ಬಿದ್ದರೆ ಮೊದಲ ಅನುಮಾನ ಇದರ ಮೇಲೇ ಇರಲಿ. ಮೇವನ್‌ನಲ್ಲಿ ‘ಡಿಪೆಂಡೆನ್ಸಿ ಟ್ರೀ’, ಗ್ರೇಡಲ್‌ನಲ್ಲಿ ‘ಡಿಪೆಂಡೆನ್ಸೀಸ್’ ಕೊಟ್ಟರೆ ಯಾರ ಮೂಲಕ ಯಾರು ಬಂದರು ಅಂತ ಇಡೀ ವಂಶವೃಕ್ಷ ಕಾಣುತ್ತದೆ.

ಕನ್ನಡ ಅಕ್ಷರ ಪ್ರಶ್ನೆಚಿಹ್ನೆ ಆಗುವುದು

ಇದು ಇಂಗ್ಲಿಷ್ ಪಾಠಗಳಲ್ಲಿ ಇರುವುದಿಲ್ಲ, ಅದಕ್ಕೇ ಸ್ವಲ್ಪ ನಿಲ್ಲುತ್ತೇನೆ. ನಮ್ಮ ‘ಸಂದೇಶ’ ಮಾಡ್ಯೂಲ್‌ನಲ್ಲಿ ‘ನಿಮ್ಮ ಹಾಲು 6.5 ಲೀಟರ್’ ಅನ್ನುವ ಸಾಲು ಕೋಡ್ ಒಳಗೇ ಇದೆ ಅನ್ನಿ. ಲಿನಕ್ಸ್‌ನಲ್ಲಿ ಬಿಲ್ಡ್ ಮಾಡಿದರೆ ಸರಿ. ವಿಂಡೋಸ್‌ನಲ್ಲಿ ಬಿಲ್ಡ್ ಮಾಡಿದವರ ಜಾರ್‌ನಿಂದ ಬರೀ ಕಸದ ಅಕ್ಷರ ಬರುತ್ತದೆ. ಜಾವಾ 18ಕ್ಕಿಂತ ಮುಂಚೆ ಕಂಪೈಲರ್ ಆಪರೇಟಿಂಗ್ ಸಿಸ್ಟಂನ ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲ್‌ನಲ್ಲಿ ಬರೆದಿಡುವ ರೀತಿ) ಅನ್ನೇ ಹಿಡಿಯುತ್ತಿತ್ತು, ವಿಂಡೋಸ್‌ನಲ್ಲಿ ಅದು ಸಾಮಾನ್ಯವಾಗಿ ಕನ್ನಡವೂ ಸೇರುವ ಯುಟಿಎಫ್ 8 ಅಲ್ಲ. 18ರಿಂದ ಎಲ್ಲೆಡೆ ಯುಟಿಎಫ್ 8. ಆದರೆ ಜಾವಾ 8, 11, 17ರಲ್ಲಿ ನಡೆಯುತ್ತಿರುವ ಪ್ರಾಜೆಕ್ಟ್‌ಗಳು ಈಗಲೂ ಬೇಕಾದಷ್ಟಿವೆ.

ಮೇವನ್‌ನಲ್ಲಿ ಅಪ್ಪ ಪಾಮ್‌ನ ಪ್ರಾಪರ್ಟೀಸ್ ಭಾಗದಲ್ಲಿ ‘ಪ್ರಾಜೆಕ್ಟ್ ಬಿಲ್ಡ್ ಸೋರ್ಸ್‌ಎನ್‌ಕೋಡಿಂಗ್’ ಒಂದು ಸಲ ಹಾಕಿದರೆ ನಾಲ್ಕೂ ಮಕ್ಕಳಿಗೆ ತಲುಪುತ್ತದೆ. ಗ್ರೇಡಲ್‌ನಲ್ಲಿ ಕಂಪೈಲ್ ಟಾಸ್ಕ್‌ನ ‘ಆಪ್ಷನ್ಸ್ ಎನ್‌ಕೋಡಿಂಗ್’ ಹೇಳಬೇಕು. ಕನ್ನಡ ಸಾಲುಗಳನ್ನು ಪ್ರಾಪರ್ಟೀಸ್ ಫೈಲ್‌ನಲ್ಲಿ ಇಟ್ಟಿದ್ದರೆ, ರಿಸೋರ್ಸ್ ಬಂಡಲ್ ಮೂಲಕ ಓದುವಾಗ ಜಾವಾ 9ರಿಂದ ಯುಟಿಎಫ್ 8 ಆಗಿಯೇ ಓದುತ್ತದೆ. ಅದಕ್ಕೆ ಮುಂಚೆ ಪ್ರತಿ ಅಕ್ಷರವನ್ನೂ ಬ್ಯಾಕ್‌ಸ್ಲ್ಯಾಶ್-ಯು ಸಂಖ್ಯೆಯಾಗಿ ಬರೆಯಬೇಕಿತ್ತು. ಬಿಲ್ಡ್‌ಗೆ ಸಂಬಂಧ ಇಲ್ಲ, ಆದರೂ ಹೇಳಿಬಿಡುತ್ತೇನೆ: ಕನ್ನಡ ಎಸ್ಸೆಮ್ಮೆಸ್ ಒಂದಕ್ಕೆ 70 ಅಕ್ಷರ ಮಾತ್ರ, ಇಂಗ್ಲಿಷ್‌ನ ಹಾಗೆ 160 ಅಲ್ಲ. ಒತ್ತು, ಕೊಂಬು ಎಲ್ಲ ಬೇರೆ ಬೇರೆ ಎಣಿಕೆಯಾಗುತ್ತವೆ. ಆ ಉದ್ದಕ್ಕೂ ಒಂದು ಟೆಸ್ಟ್ ಬರೆಯಿರಿ.

ಬೇಜಲ್: ಯಾರಿಗೆ?

ಗೂಗಲ್ ಒಳಗೆ ಬ್ಲೇಜ್ ಅಂತ ಒಂದು ಟೂಲ್ ಇತ್ತು. ಅದರ ಹೊರಗಿನ ರೂಪ 2015ರಲ್ಲಿ ಬೇಜಲ್ ಆಗಿ ಬಂತು, ಇಂಗ್ಲಿಷ್‌ನಲ್ಲಿ ಅದೇ ಅಕ್ಷರಗಳನ್ನು ಅದಲುಬದಲು ಮಾಡಿ ಹೆಸರಿಟ್ಟರು. 1.0 ಆದದ್ದು 2019ರ ಅಕ್ಟೋಬರ್‌ನಲ್ಲಿ. ಜಾವಾ, ಸಿ++, ಪೈಥಾನ್, ಗೋ ಎಲ್ಲ ಒಂದೇ ದೊಡ್ಡ ರೆಪಾಸಿಟರಿಯಲ್ಲಿ, ನೂರಾರು ಜನ ಕೆಲಸ ಮಾಡುವ ಕಡೆಗೆ ಹುಟ್ಟಿದ್ದು ಇದು.

ಗೋಡೆಯ ವಿಷಯದಲ್ಲಿ ಮೂರರಲ್ಲಿ ಇದೇ ಕಟ್ಟುನಿಟ್ಟು. ಪ್ರತಿ ಟಾರ್ಗೆಟ್ ಮೊದಲಿಗೆ ಖಾಸಗಿ. ನನ್ನನ್ನು ಇಂಥವರು ಬಳಸಬಹುದು ಅಂತ ಬರೆದುಕೊಟ್ಟರೆ ಮಾತ್ರ ಅವರಿಗೆ ಕಾಣುತ್ತದೆ. ನೇರವಾಗಿ ಬಳಸುವ ಪ್ರತಿಯೊಂದನ್ನೂ ಹೆಸರಿಟ್ಟು ಕೇಳಬೇಕು. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಕೆಲಸವನ್ನು ಒಂದು ಸ್ಯಾಂಡ್‌ಬಾಕ್ಸ್ ಒಳಗೆ ಮಾಡುತ್ತದೆ, ನೀವು ಕೇಳದ ಫೈಲ್ ಅಲ್ಲಿ ಇರುವುದೇ ಇಲ್ಲ. ಅದಕ್ಕೇ ಒಬ್ಬರ ಮೆಷಿನ್‌ನಲ್ಲಿ ಆದ ಕೆಲಸವನ್ನು ರಿಮೋಟ್ ಕ್ಯಾಶ್ ಮೂಲಕ ಇನ್ನೊಬ್ಬರು ಧೈರ್ಯವಾಗಿ ಎತ್ತಿಕೊಳ್ಳಬಹುದು. ‘ಬೇಜಲ್ ಕ್ವೆರಿ’ ಕೊಟ್ಟು ‘ದರ’ ಮುಟ್ಟಿದರೆ ಯಾರಿಗೆಲ್ಲ ತಾಗುತ್ತದೆ ಅಂತ ಕೇಳಿದರೆ ಕ್ಷಣದಲ್ಲಿ ಹೇಳುತ್ತದೆ. ಈ ಒಂದು ಗುಣಕ್ಕೆ ನನಗೆ ಬೇಜಲ್ ಕಂಡರೆ ಹೊಟ್ಟೆಕಿಚ್ಚು.

ಆದರೆ ಬೆಲೆ ಇದೆ. ಫೋಲ್ಡರ್‌ಗೆ ಒಂದರಂತೆ ಬಿಲ್ಡ್ ಫೈಲ್ ಬರೆಯಬೇಕು, ಅದನ್ನು ದಿನವೂ ಸಾಕಬೇಕು. ಜಾವಾದಲ್ಲಿ ವೆಬ್ ಆ್ಯಪ್ ಬರೆಯಲು ಬಳಸುವ ಸ್ಪ್ರಿಂಗ್ ಬೂಟ್‌ನ ತಂಡ ಕೊಡುವ ಪ್ಲಗಿನ್‌ಗಳು ಮೇವನ್ ಮತ್ತು ಗ್ರೇಡಲ್‌ಗೆ. ಬೇಜಲ್‌ನಲ್ಲಿ ಅದನ್ನು ಕೂರಿಸಲು ಬೇರೆಯವರು ಬರೆದ ರೂಲ್ಸ್ ಹುಡುಕಬೇಕು. ವಿಂಡೋಸ್‌ನಲ್ಲಿ ಆ ಸ್ಯಾಂಡ್‌ಬಾಕ್ಸ್ ರಕ್ಷಣೆ ಅದೇ ಮಟ್ಟದಲ್ಲಿ ಸಿಗುವುದಿಲ್ಲ. ಹಳೆಯ ಪಾಠಗಳೆಲ್ಲ ‘ವರ್ಕ್‌ಸ್ಪೇಸ್’ ಫೈಲ್ ಬರೆಯಿರಿ ಅನ್ನುತ್ತವೆ, ಬೇಜಲ್ 7ರಿಂದ ‘ಮಾಡ್ಯೂಲ್’ ಫೈಲ್‌ಗೆ ಮೊದಲ ಸ್ಥಾನ, 8ರಲ್ಲಿ ಹಳೆಯದು ತಾನಾಗಿ ಆಫ್. ತಂಡದಲ್ಲಿ ಬಿಲ್ಡ್ ನೋಡಿಕೊಳ್ಳುವುದೇ ಕೆಲಸವಾದ ಒಬ್ಬರಾದರೂ ಇಲ್ಲದಿದ್ದರೆ ನಾನು ಬೇಡ ಅನ್ನುತ್ತೇನೆ. ನಾಲ್ಕು ಮಾಡ್ಯೂಲ್‌ನ ಡೈರಿಗೆ ಬೇಜಲ್ ತಂದರೆ ಇಲಿ ಹಿಡಿಯಲು ಬೆಟ್ಟ ಅಗೆದ ಹಾಗೆ.

ಹಾಗಾದರೆ ಹೇಗೆ ಆರಿಸುವುದು?

ಒಂದು ಪ್ರಶ್ನೆ ಕೇಳಿಕೊಳ್ಳಿ: ನೀವು ಹದಿನೈದು ದಿನ ಊರಿಗೆ ಹೋದಾಗ ಬಿಲ್ಡ್ ಕೆಟ್ಟರೆ ಯಾರು ತೆಗೆದು ನೋಡುತ್ತಾರೆ? ತಂಡದಲ್ಲಿ ಇಬ್ಬರು ಈಗಷ್ಟೇ ಕಾಲೇಜ್ ಮುಗಿಸಿದವರಾದರೆ, ಪ್ರಾಜೆಕ್ಟ್ ಸ್ಪ್ರಿಂಗ್ ಬೂಟ್ ಆಗಿದ್ದರೆ, ಪೂರ್ತಿ ಬಿಲ್ಡ್ ಐದು ನಿಮಿಷದೊಳಗೆ ಮುಗಿಯುತ್ತಿದ್ದರೆ ಮೇವನ್ ಇರಲಿ. ನಿಧಾನ ಅನ್ನಿಸಿದರೆ ಟೂಲ್ ಬದಲಿಸುವ ಮುಂಚೆ ‘ಮೈನಸ್ ಟಿ 1ಸಿ’ ಕೊಟ್ಟು ನೋಡಿ, ಸಿಪಿಯುನ ಪ್ರತಿ ಕೋರ್‌ಗೆ ಒಂದು ಮಾಡ್ಯೂಲ್ ಹಂಚಿ ಓಡಿಸುತ್ತದೆ. ಒಂದರ ಬಾಲ ಒಂದು ಹಿಡಿದ ಮಾಡ್ಯೂಲ್‌ಗಳಾದರೆ ಇದರಿಂದ ಏನೂ ಸಿಗುವುದಿಲ್ಲ, ಅಕ್ಕಪಕ್ಕ ನಿಲ್ಲುವಂಥವಾದರೆ ಚೆನ್ನಾಗಿ ಸಿಗುತ್ತದೆ. ನಮ್ಮ ಉದಾಹರಣೆಯಲ್ಲಿ ‘ಸಂಗ್ರಹ’ ಮತ್ತು ‘ಸಂದೇಶ’ ಒಟ್ಟಿಗೆ ಓಡುತ್ತವೆ.

ನೆಟ್‌ವರ್ಕ್ ಸರಿಯಿಲ್ಲದ ಕಡೆ ಕೂತು ಕೆಲಸ ಮಾಡುವವರು, ಒಳ್ಳೆಯ ವೈಫೈ ಇದ್ದಾಗ ಒಮ್ಮೆ ಪೂರ್ತಿ ವೆರಿಫೈ ಓಡಿಸಿಟ್ಟುಕೊಳ್ಳಿ. ಆಮೇಲೆ ಮೇವನ್‌ಗೆ ‘ಮೈನಸ್ ಓ’, ಗ್ರೇಡಲ್‌ಗೆ ‘ಮೈನಸ್ ಮೈನಸ್ ಆಫ್‌ಲೈನ್’ ಕೊಟ್ಟರೆ ಇಂಟರ್‌ನೆಟ್ ಕೇಳುವುದಿಲ್ಲ. ‘ಗೋ ಆಫ್‌ಲೈನ್’ ಅನ್ನುವ ಮೇವನ್ ಕಮಾಂಡ್ ಇದೆ, ಆದರೆ ಅದು ಕೆಲವು ಪ್ಲಗಿನ್‌ಗಳನ್ನು ಬಿಟ್ಟುಬಿಡುತ್ತದೆ. ಬಸ್ಸಿನಲ್ಲಿ ಕೂತ ಮೇಲೆ ಗೊತ್ತಾಗುತ್ತದೆ.

ಗ್ರೇಡಲ್‌ಗೆ ಹೋಗಲೇಬೇಕು ಅನ್ನಿಸಿದರೆ ಒಂದು ಹೊಸ ಬ್ರಾಂಚ್ ಮಾಡಿ, ಪಾಮ್ ಇರುವ ಮೇಲಿನ ಫೋಲ್ಡರ್‌ನಲ್ಲೇ ‘ಗ್ರೇಡಲ್ ಇನಿಟ್’ ಕೊಡಿ. ಅದು ಪಾಮ್ ನೋಡಿ, ಇದನ್ನೇ ಪರಿವರ್ತಿಸಲಾ ಅಂತ ಕೇಳುತ್ತದೆ. ಹೂಂ ಅನ್ನಿ. ಹಳೆಯ ಪಾಮ್‌ಗಳನ್ನು ಅಳಿಸಬೇಡಿ, ಒಂದು ವಾರ ಎರಡೂ ಇರಲಿ. ಎರಡರಿಂದಲೂ ‘ವೆಬ್’ನ ಜಾರ್ ತೆಗೆದು, ಬಿಚ್ಚಿ, ಒಳಗಿನ ಲೈಬ್ರರಿ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು ನೋಡಿ. ಹತ್ತಿರದ ನೆಂಟ ಮತ್ತು ಹೊಸ ಆವೃತ್ತಿಯ ಜಗಳ ಅಲ್ಲೇ ಕಾಣುತ್ತದೆ. ಎಲ್ಲಿ ವ್ಯತ್ಯಾಸ ಇದೆಯೋ ಅಲ್ಲಿ ಆವೃತ್ತಿಯನ್ನು ಕೈಯಾರೆ ಬರೆದು ಕಟ್ಟಿಹಾಕಿ, ಆಮೇಲೆ ಪಾಮ್‌ಗಳನ್ನು ತೆಗೆಯಿರಿ.